ಲ್ಯಾಡರ್ ಓದುವವರಿಗೆ ಯಾವ ಪ್ರಶ್ನೆ ಕೇಳಬೇಕು?

ಬೆಂಗಳೂರಿನ ಯಶವಂತಪುರ ದಾಟಿ ಪೀಣ್ಯದ ಯಾವುದಾದರೂ ಕಾರ್ಖಾನೆಗೆ ಹೊಕ್ಕರೆ ಯಂತ್ರದ ಪಕ್ಕದ ಪ್ಯಾನೆಲ್‌ನಲ್ಲಿ ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಕಾಣುವುದು ಸಾಮಾನ್ಯ. ಅದಕ್ಕೆ ಬರೆಯುವ ಪ್ರೋಗ್ರಾಮ್ ಹಲವೆಡೆ ಲ್ಯಾಡರ್ ಚಿತ್ರವೇ: ಎರಡು ಕಂಬಗಳ ನಡುವೆ ಅಡ್ಡ ಮೆಟ್ಟಿಲು, ಅದರ ಮೇಲೆ ಷರತ್ತುಗಳಾದ ಕಾಂಟ್ಯಾಕ್ಟ್‌ಗಳು, ಬಲತುದಿಯಲ್ಲಿ ಆ ಷರತ್ತುಗಳ ಫಲವಾದ ಕಾಯಿಲ್. 1960ರ ದಶಕದ ಕೊನೆಗೆ ಬಂದ, ಮೊದಮೊದಲ ಪಿಎಲ್‌ಸಿಗಳಲ್ಲೊಂದಾದ ಮಾಡಿಕಾನ್ 084, ರಿಲೇ ಸರ್ಕ್ಯೂಟ್ ಬಲ್ಲ ಎಲೆಕ್ಟ್ರಿಷಿಯನ್‌ನ ಕಣ್ಣಿಗೆ ಪರಿಚಿತವಾದ ಈ ರೂಪವನ್ನೇ ಹಿಡಿಯಿತು. 1993ರಲ್ಲಿ ಪಿಎಲ್‌ಸಿ ಭಾಷೆಗಳಿಗೆ ಬಂದ ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದಲ್ಲೂ ಅದಕ್ಕೆ ಜಾಗ ಸಿಕ್ಕಿತು.

ಚಿತ್ರದ ಪ್ರೋಗ್ರಾಮ್ ಓದಲು ನಿಜಕ್ಕೂ ಸುಲಭವೇ? ಅರ್ಧ ಜನರಿಗೆ ಚಿತ್ರ, ಅರ್ಧ ಜನರಿಗೆ ಪಠ್ಯ ಕೊಟ್ಟು ಗಡಿಯಾರ ಹಿಡಿದರೆ ಸಾಲದು. 1991ರಲ್ಲಿ ಥಾಮಸ್ ಗ್ರೀನ್, ಮೇರಿಯನ್ ಪೆಟ್ರೆ, ರೇಚಲ್ ಬೆಲ್ಲಮಿ ಎಂಬ ಸಂಶೋಧಕರು ಲ್ಯಾಬ್‌ವ್ಯೂ ಎಂಬ ಚಿತ್ರಭಾಷೆಯ ಪ್ರೋಗ್ರಾಮ್‌ಗಳನ್ನು ಪಠ್ಯದೊಡನೆ ಹೋಲಿಸಿದಾಗ ಪ್ರಶ್ನೆಯನ್ನೇ ಎರಡಾಗಿ ಸೀಳಿದರು. ಒಂದು ಮುಮ್ಮುಖ: ಇಂತಿಂಥ ಸ್ಥಿತಿಯಿದ್ದರೆ ಫಲ ಏನು? ಇನ್ನೊಂದು ಹಿಮ್ಮುಖ: ಈ ಫಲ ಬರಬೇಕಾದರೆ ಏನೇನು ಇರಬೇಕು? ಎರಡಕ್ಕೂ ಚಿತ್ರ ಓದಿದವರೇ ನಿಧಾನವಾದರು. ಆದರೆ ನಾನು ಮೆಚ್ಚುವುದು ಆ ಫಲಿತಾಂಶಕ್ಕಿಂತ ಆ ಸೀಳುವಿಕೆಯನ್ನು. ಒಂದು ಬರಹರೂಪ ಒಂದು ಬಗೆಯ ಪ್ರಶ್ನೆಗೆ ಒಗ್ಗಿ ಇನ್ನೊಂದಕ್ಕೆ ಒಗ್ಗದೆ ಹೋಗಬಹುದು. ಸರಾಸರಿ ತೆಗೆದರೆ ಅದು ಕಾಣುವುದೇ ಇಲ್ಲ.

ಪೀಣ್ಯದಲ್ಲಿ ಲೈನ್ ನಿಂತಾಗ ಮೆಂಟೇನೆನ್ಸ್‌ನವರ ಮುಂದಿರುವುದು ಹಿಮ್ಮುಖ ಪ್ರಶ್ನೆಯೇ: ಈ ಮೋಟಾರು ಯಾಕೆ ಸ್ಟಾರ್ಟ್ ಆಗ್ತಿಲ್ಲ? ಕಾಯಿಲ್‌ನಿಂದ ಎಡಕ್ಕೆ ನಡೆದು, ತೆರೆದುಕೊಂಡಿರುವ ಕಾಂಟ್ಯಾಕ್ಟ್ ಹುಡುಕಬೇಕು. ಒಂದು ಕಾಯಿಲ್‌ನ ಷರತ್ತುಗಳೆಲ್ಲ ಸಾಮಾನ್ಯವಾಗಿ ಒಂದೇ ಮೆಟ್ಟಿಲಲ್ಲಿ ಸಿಗುವುದರಿಂದ ಲ್ಯಾಡರ್ ಇಲ್ಲಿ ಗೆಲ್ಲಬಹುದು ಎಂಬುದು ನನ್ನ ಊಹೆ. ಲ್ಯಾಬ್‌ವ್ಯೂ ಫಲಿತಾಂಶವನ್ನು ಹಾಗೆಯೇ ಲ್ಯಾಡರ್‌ಗೆ ಅಂಟಿಸುವುದು ತಪ್ಪು. ನನ್ನ ಊಹೆಯನ್ನು ಪರೀಕ್ಷಿಸಲು ವಿದ್ಯಾರ್ಥಿಗಳು ಸಾಲರು, ಶಿಫ್ಟ್‌ನಲ್ಲಿ ದುಡಿಯುವವರೇ ಬೇಕು. ಪ್ರಶ್ನೆ ಅವರ ಆಡುಮಾತಿನ ಕನ್ನಡದಲ್ಲಿರಬೇಕು, ಇಲ್ಲವಾದರೆ ಅಳೆದದ್ದು ಅವರ ಇಂಗ್ಲಿಷನ್ನು. ಎರಡೂ ರೂಪದಲ್ಲಿ ಮಾಹಿತಿ ಒಂದೇ ಇರಬೇಕು. ಅರ್ಧ ಜನ ಲ್ಯಾಡರ್ ಮೊದಲು, ಉಳಿದವರು ಪಠ್ಯ ಮೊದಲು ನೋಡಬೇಕು. ಯಾವುದು ಇಷ್ಟವಾಯಿತು ಎಂದು ಕೇಳಿ ಮುಗಿಸದೆ, ಹಿಡಿದ ಸಮಯ ಮತ್ತು ತಪ್ಪುಗಳನ್ನು ಬೇರೆಬೇರೆ ಬರೆದಿಡಬೇಕು.

ಇನ್ನೊಂದು ಎಚ್ಚರ ಪೆಟ್ರೆ 1995ರಲ್ಲಿ ಬರೆದ ಲೇಖನದಿಂದ ಬರುತ್ತದೆ: ಪಳಗಿದ ಓದುಗರು ಗುರುತುಗಳಷ್ಟೇ ಅಲ್ಲ, ಅವುಗಳ ಜೋಡಣೆಯನ್ನೂ ಓದುತ್ತಾರೆ, ಹೊಸಬರಿಗೆ ಅದು ಕಾಣದು. ಹಾಗಾಗಿ ಒಂದೇ ಪ್ರೋಗ್ರಾಮನ್ನು ಸಂಬಂಧಪಟ್ಟ ಮೆಟ್ಟಿಲುಗಳನ್ನು ಒಟ್ಟಿಗಿಟ್ಟು ಒಮ್ಮೆ, ಚದುರಿಸಿ ಒಮ್ಮೆ ಬರೆದು, ಹಳಬರಿಗೂ ಹೊಸಬರಿಗೂ ಎರಡನ್ನೂ ಕೊಟ್ಟು ನೋಡಬೇಕು.