‘ನೌ’ ಕಂಡಲ್ಲೆಲ್ಲ ‘ಐಎನ್‌ಜಿ’ ಬೇಡ

ಇಂಗ್ಲಿಷ್ ವ್ಯಾಕರಣದ ಪಾಠದಲ್ಲಿ ಮಕ್ಕಳಿಗೆ ಬಲುಬೇಗ ಬಾಯಿಪಾಠವಾಗುವ ಸೂತ್ರವೊಂದಿದೆ: ದಿನಾ ನಡೆಯುವುದಕ್ಕೆ ಸಿಂಪಲ್ ಪ್ರೆಸೆಂಟ್, ಈಗ ನಡೆಯುತ್ತಿರುವುದಕ್ಕೆ ಪ್ರೆಸೆಂಟ್ ಕಂಟಿನ್ಯುಯಸ್. ವಾಕ್ಯದಲ್ಲಿ ‘ಆಲ್ವೇಸ್’, ‘ಎವ್ರಿ ಡೇ’ ಕಂಡರೆ ಮೊದಲನೆಯದು, ‘ನೌ’ ಕಂಡರೆ ಎರಡನೆಯದು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಈ ಸೂತ್ರದಿಂದ ಅಂಕ ಸಿಗುತ್ತದೆ, ನಿಜ. ಆದರೆ ಇಂಗ್ಲಿಷ್ ಮನೆಮಾತಾಗಿರುವವರು ಈ ಆಯ್ಕೆ ಮಾಡುವುದು ಗಡಿಯಾರ ನೋಡಿಕೊಂಡಲ್ಲ. ಒಂದು ಸಂಗತಿಯನ್ನು ಇಡಿಯಾಗಿ, ನೆಲೆನಿಂತದ್ದಾಗಿ ಕಂಡರೆ ಸಿಂಪಲ್ ರೂಪ. ಇನ್ನೂ ಮುಗಿಯದ, ಸದ್ಯಕ್ಕಷ್ಟೇ ಇರುವ ಹಂತವಾಗಿ ಕಂಡರೆ ಕಂಟಿನ್ಯುಯಸ್.

ಇದಕ್ಕೆ ಒಳ್ಳೆಯ ಸಾಕ್ಷಿ ಕ್ರಿಕೆಟ್ ಕಾಮೆಂಟರಿ. ಬೌಲರ್ ತನ್ನ ಗುರುತಿನ ಕಡೆಗೆ ನಿಧಾನವಾಗಿ ಮರಳುವಾಗ ವೀಕ್ಷಕ ವಿವರಣೆಗಾರ ‘ಹಿ ಈಸ್ ವಾಕಿಂಗ್ ಬ್ಯಾಕ್’ ಎನ್ನುತ್ತಾನೆ. ಚೆಂಡು ಕೈಬಿಟ್ಟ ಕ್ಷಣದಿಂದ ಅವನ ಮಾತು ‘ಹಿ ಬೌಲ್ಸ್’, ‘ಹಿ ಡ್ರೈವ್ಸ್’ ಎಂದು ಬದಲಾಗುತ್ತದೆ. ಎರಡೂ ಕಣ್ಣೆದುರಿಗೆ, ಈ ಕ್ಷಣದಲ್ಲೇ ನಡೆದಂಥವು. ನಡಿಗೆ ಮಾತಾಡುವಾಗಲೂ ಸಾಗುತ್ತಲೇ ಇರುತ್ತದೆ. ಹೊಡೆತ ಹೇಳಿ ಮುಗಿಸುವಷ್ಟರಲ್ಲಿ ಮುಗಿದಿರುತ್ತದೆ. ಸೂತ್ರದಂತೆ ಎರಡಕ್ಕೂ ‘ಐಎನ್‌ಜಿ’ ಹಚ್ಚಬೇಕಿತ್ತು. ಹಾಗೆಯೇ ‘ಐ ಪ್ರಾಮಿಸ್’ ಎಂದವನು ದಿನಾ ಮಾತು ಕೊಡುವವನೇನಲ್ಲ. ಆ ಮಾತು ಆಡಿದ್ದೇ ಮಾತು ಕೊಟ್ಟಂತೆ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ ಇಂಥ ಮಾತುಗಳ ಬಗೆಗೇ ಉಪನ್ಯಾಸಗಳನ್ನು ಕೊಟ್ಟರು, ಅವು 1962ರಲ್ಲಿ ಪುಸ್ತಕವಾದವು.

ಗುರುತಿನ ಪದಗಳನ್ನು ನಂಬುವುದೂ ಅಷ್ಟೇ ಅಪಾಯ. ‘ಐ ನೌ ಲಿವ್ ಇನ್ ಧಾರವಾಡ’ ಎಂಬುದು ಶುದ್ಧ ಇಂಗ್ಲಿಷ್: ಈಗ ಅಲ್ಲೇ ನೆಲೆಸಿದ್ದೇನೆ ಎಂದರ್ಥ. ‘ಐ ಆ್ಯಮ್ ಲಿವಿಂಗ್ ಇನ್ ಧಾರವಾಡ’ ಎಂದರೆ ಸದ್ಯಕ್ಕೆ ಇದ್ದೇನೆ, ಮುಂದೆ ಬೇರೆ ಕಡೆ ಹೋಗಬಹುದು ಎಂಬ ಧ್ವನಿ. ‘ಹಿ ಈಸ್ ಆಲ್ವೇಸ್ ಕಂಪ್ಲೇನಿಂಗ್’ ಎಂಬಲ್ಲಿ ‘ಆಲ್ವೇಸ್’ ಇದ್ದೂ ಕಂಟಿನ್ಯುಯಸ್ ಬಂದಿದೆ; ಯಾವಾಗ ನೋಡಿದರೂ ಅವನದು ಇದೇ ಗೋಳು ಎಂಬ ಬೇಸರ ಆ ರೂಪದಲ್ಲೇ ಅಡಗಿದೆ.

‘ನೋ’, ‘ಹ್ಯಾವ್’, ‘ಲವ್’ ಥರದ ಕ್ರಿಯಾಪದಗಳಿಗೆ ‘ಐಎನ್‌ಜಿ’ ಬರುವುದೇ ಇಲ್ಲ ಎಂಬುದು ಇನ್ನೊಂದು ನಂಬಿಕೆ. ‘ನೋ’ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಉಳಿದವಕ್ಕೆ ಅರ್ಥ ನೋಡಬೇಕು. ‘ಐ ಹ್ಯಾವ್ ಎ ಕಾರ್’ ಒಡೆತನ, ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಊಟದ ಕೆಲಸ. ಮೆಕ್‌ಡೊನಾಲ್ಡ್ಸ್ 2003ರಲ್ಲಿ ತಂದ ‘ಐ ಆ್ಯಮ್ ಲವಿನ್ ಇಟ್’ ಘೋಷವಾಕ್ಯವೂ ತಪ್ಪಲ್ಲ. ಈ ಹೊತ್ತಿನ ಸವಿ ಅದರಲ್ಲಿದೆ.

ಕನ್ನಡಿಗರಿಗೆ ತೊಡಕಾಗುವುದು ಬೇರೆ ಕಡೆ. ಅಣ್ಣ ಇಪ್ಪತ್ತು ವರ್ಷದಿಂದ ಒಂದೇ ಬ್ಯಾಂಕಿನಲ್ಲಿದ್ದರೂ ನಾವು ‘ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾನೆ’ ಎನ್ನುತ್ತೇವೆ. ಅದನ್ನೇ ‘ಹಿ ಈಸ್ ವರ್ಕಿಂಗ್ ಇನ್ ಎ ಬ್ಯಾಂಕ್’ ಎಂದು ಇಳಿಸಿದರೆ ಕಾಯಂ ನೌಕರಿ ತಾತ್ಕಾಲಿಕದಂತೆ ಕೇಳಿಸುತ್ತದೆ. ‘ವಿ ಆರ್ ಹ್ಯಾವಿಂಗ್ ಟು ಚಿಲ್ಡ್ರನ್’ ಎಂದರೆ ಹೊರದೇಶದ ಕೇಳುಗ ಹೆರಿಗೆ ಯಾವಾಗ ಎಂದು ಕೇಳಿಯಾನು. ಹಾಗೆಂದು ಕನ್ನಡ ಎಲ್ಲೆಡೆಯೂ ದಾರಿ ತಪ್ಪಿಸುತ್ತದೆ ಎನ್ನಲಾಗದು: ‘ಗೊತ್ತು’, ‘ಬೇಕು’ಗಳಿಗೆ ನಾವೂ ‘ಉತ್ತಿದೆ’ ಸೇರಿಸುವುದಿಲ್ಲ. ‘ಐ ಆ್ಯಮ್ ನೋಯಿಂಗ್’ ಎನ್ನುವ ವಿದ್ಯಾರ್ಥಿ ತನ್ನ ಭಾಷೆಗೇ ಕಿವಿಗೊಟ್ಟಿದ್ದರೆ ಸರಿದಾರಿಗೆ ಬರುತ್ತಿದ್ದ.

ಭಾರತೀಯ ಇಂಗ್ಲಿಷಿಗೆ ತನ್ನದೇ ನಡೆಯಿದೆ, ‘ಐ ಆ್ಯಮ್ ಹ್ಯಾವಿಂಗ್’ ಎಂದರೆ ಯಾರಿಗೆ ತಾನೆ ಅರ್ಥವಾಗದು ಎಂಬ ಆಕ್ಷೇಪ ಹಗುರವಾದುದಲ್ಲ. ನಮ್ಮ ನಡುವಿನ ಮಾತಿಗೆ ಅದು ಸಲ್ಲುತ್ತದೆ, ಅದನ್ನು ಹೀಗಳೆಯುವುದು ಅನ್ಯಾಯ. ಆದರೆ ಸಂದರ್ಶನದಲ್ಲಿ, ವೀಸಾ ಅರ್ಜಿಯಲ್ಲಿ ಎದುರಿಗಿರುವವನು ನಮ್ಮ ರೂಢಿ ಬಲ್ಲವನಾಗಿರಬೇಕಿಲ್ಲ. ಸೂತ್ರ ಸರಳವಾಗಿದ್ದರೆ ಮಕ್ಕಳಿಗೆ ಸುಲಭವಲ್ಲವೇ ಎಂದು ಶಿಕ್ಷಕರು ಕೇಳಬಹುದು. ಮೊದಲ ವಾರಕ್ಕೆ ಸುಲಭವೇ. ಆಮೇಲೆ ಪ್ರತಿ ನಿಜವಾದ ವಾಕ್ಯವೂ ಅಪವಾದವಾಗಿ ಕಾಡುತ್ತದೆ. ಆದ್ದರಿಂದ ‘ನೌ’, ‘ಆಲ್ವೇಸ್’ಗಳಿಗೆ ಅಡಿಗೆರೆ ಎಳೆಸುವುದನ್ನು ಬಿಟ್ಟು, ಇದು ನೆಲೆನಿಂತ ಸಂಗತಿಯೋ ಸದ್ಯದ್ದೋ ಎಂದು ಮಕ್ಕಳನ್ನು ಕೇಳಿ. ಅವರಿಂದಲೇ ಉತ್ತರ ಬರಲಿ.