ರೋಗಿಯ ಮನೆಗೆ ಸಲ್ಲಬೇಕಾದ ದಾಸೋಹ

ಗೃಹಸ್ಥನ ಮನೆಯನ್ನು ದೊಡ್ಡ ರೋಗವೊಂದು ಹೊಕ್ಕಿತೆಂದರೆ ಅದು ಒಬ್ಬರ ದೇಹವನ್ನಷ್ಟೇ ಬಾಧಿಸಿ ಸುಮ್ಮನಾಗುವುದಿಲ್ಲ. ಹೊಲ, ಬಂಗಾರ, ಮಕ್ಕಳ ಓದು ಎಲ್ಲವೂ ಅದರ ಬಾಯಿಗೆ ಬೀಳುತ್ತವೆ. ಸಿರುಗುಪ್ಪ, ಕುರುಗೋಡು ಭಾಗದ ಸದ್ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ರೈತನ ಕೈಗೆ ಹಣ ಬರುವುದು ಕೊಯ್ಲಾದ ಮೇಲೆ. ಹೃದಯದ ಬೇನೆಯಾಗಲಿ, ಮೂತ್ರಪಿಂಡದ ವೈಫಲ್ಯವಾಗಲಿ ಸುಗ್ಗಿಯನ್ನು ಕಾಯುವುದಿಲ್ಲ. ಆಗ ದಲಾಲಿ ಅಂಗಡಿಯ ಮುಂಗಡ, ಆಮೇಲೆ ಬಡ್ಡಿಯ ಸಾಲ, ಕೊನೆಗೆ ಹೊಲದ ಮಾರಾಟ. ಹೀಗೆ ಒಂದೊಂದೇ ಮೆಟ್ಟಿಲಿಳಿದು ಸಂಸಾರವು ನೆಲಕಚ್ಚುತ್ತದೆ.

ಈ ಇಳಿತವನ್ನು ಮೊದಲನೆಯ ಮೆಟ್ಟಿಲಿನಲ್ಲಿಯೇ ತಡೆಯುವುದು ಸಮಾಜದ ಹೊಣೆ. ಚಂದಾ ಎತ್ತಿ ಕೊಡುವುದೊಂದೇ ಸಹಾಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಣಕ್ಕಿಂತ ಮೊದಲು ಬೇಕಾದದ್ದು ದಾರಿ ಬಲ್ಲವರೊಬ್ಬರ ಜೊತೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ವೆಚ್ಚ ಸರ್ಕಾರದ್ದು, ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ದರದಲ್ಲಿ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆದರೆ ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ವೈದ್ಯರು ಕೊಡುವ ಶಿಫಾರಸು ಪತ್ರವನ್ನು ಹಿಡಿದು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗತಕ್ಕದ್ದು. ಗೊತ್ತುಪಡಿಸಿದ ತುರ್ತು ಸಂದರ್ಭಗಳಿಗೆ ಮಾತ್ರ ಪತ್ರದ ನಿರ್ಬಂಧವಿಲ್ಲ.

ಈ ಒಂದು ಚೀಟಿಯ ವಿಷಯ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ಲು ಬೆಳೆದ ಮೇಲೆ ಕಾರ್ಡು ಹುಡುಕುವವರು ಅನೇಕರು. 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಲ್ಲಿ ಇನ್ನೂ ‘ವಿಮ್ಸ್’, ಇರುವಾಗ ಅದನ್ನು ದಾಟಿ ಹೋಗುವುದನ್ನೇ ಅಂತಸ್ತೆಂದು ಭಾವಿಸುವ ಮನೆತನಗಳೂ ನಮ್ಮಲ್ಲಿವೆ. ಆ ಅಂತಸ್ತಿನ ಬೆಲೆ ಎರಡು ಎಕರೆ ನೀರಾವರಿಯಾಗಬಹುದೆಂಬುದನ್ನು ಹಿರಿಯರಾದವರು ಎಚ್ಚರಿಸಬೇಕು.

ಕೂಡಿ ಬದುಕುವ ಬಗೆ ಈ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಬಳ್ಳಾರಿಯ ಹಿರಿಯರು 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿ ಸಮಾಜದ ಹಣವನ್ನು ವಿದ್ಯೆಗೆ ತಿರುಗಿಸಿದರು. ಸಹಕಾರದ ಅದೇ ಬೇರಿನಿಂದ 2003ರಲ್ಲಿ ಯಶಸ್ವಿನಿ ಯೋಜನೆ ಚಿಗುರಿತು. ಹೃದ್ರೋಗ ತಜ್ಞ ಡಾ. ದೇವಿಪ್ರಸಾದ ಶೆಟ್ಟಿಯವರ ಲೆಕ್ಕಾಚಾರ ಸರಳವಾಗಿತ್ತು: ಸಹಕಾರ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಎಲ್ಲರೂ ಹಂಚಿಕೊಂಡಂತಾಗುವುದು. ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಈ ಯೋಜನೆ 2022-23ರಲ್ಲಿ ಮತ್ತೆ ಆರಂಭಗೊಂಡಿತು. ಆಗ ನಾಲ್ವರ ಗ್ರಾಮೀಣ ಕುಟುಂಬದ ವಂತಿಗೆ ವರ್ಷಕ್ಕೆ 500 ರೂಪಾಯಿ.

ಇಷ್ಟಿದ್ದರೂ ಕಾರ್ಡು ಮುಟ್ಟದ ಖರ್ಚುಗಳುಂಟು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ವಾರಕ್ಕೆ ಎರಡು ಮೂರು ಬಾರಿ ಆಸ್ಪತ್ರೆಗೆ ಹೋಗಿಬರಬೇಕು. ಜೊತೆಗೊಬ್ಬರು ಬೇಕು, ಅವರ ಕೂಲಿ ಹೋಗುವುದು, ಊಟ, ಬಸ್ಸಿನ ಚಾರ್ಜು ಬೇರೆ. ಕ್ಯಾನ್ಸರಿನ ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದವರಿಗೆ ವಾರಗಟ್ಟಲೆ ತಂಗುವ ಚಿಂತೆ. ದಾಸೋಹದ ಹಣ ಸಲ್ಲಬೇಕಾದದ್ದು ಇಲ್ಲಿ. ನೋಡಲು ಬರುವ ಹತ್ತು ಜನ ಹತ್ತು ಬ್ರೆಡ್ಡು, ಹತ್ತು ಡಜನ್ ಮೋಸಂಬಿ ತಂದು ಮಂಚದ ಕೆಳಗೆ ರಾಶಿ ಹಾಕುತ್ತಾರೆ. ಅದರ ಬೆಲೆಯನ್ನು ಆರೈಕೆಗೆ ನಿಂತ ತಾಯಿಯ ಕೈಗಿತ್ತರೆ ಆಕೆಯ ಎರಡು ಹೊತ್ತಿನ ಊಟವಾದೀತು. ಮದುವೆಯಲ್ಲಿ ಮುಯ್ಯಿ ಬರೆಸುವಂತೆ ರೋಗದ ಮನೆಗೂ ಮುಯ್ಯಿ ಸಲ್ಲಿಸುವ ಪದ್ಧತಿ ಏಕಿರಬಾರದು? ಆದರೆ ಅದನ್ನು ಮೈಕಿನಲ್ಲಿ ಕೂಗುವುದು ಬೇಡ.

ಮೈಕು ಬೇಡವೆಂದುದಕ್ಕೆ ಕಾರಣವಿದೆ. ಹೆಣ್ಣುಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂದು ಕ್ಯಾನ್ಸರನ್ನು ಮುಚ್ಚಿಡುವ ಮನೆಗಳು ಇಂದಿಗೂ ಇವೆ. ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ, ವೆಚ್ಚವೂ ಏರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದ. ವೈದ್ಯವೇ ಅವನ ಕಾಯಕ, ರೋಗ-ಔಷಧಗಳ ಪರಿಭಾಷೆಯೇ ಅವನ ವಚನಗಳಿಗೂ ಸಾಮಗ್ರಿ. ಅಂಥವನನ್ನು ಶರಣನೆಂದು ಗೌರವಿಸಿದ ಪರಂಪರೆಯವರು ರೋಗವನ್ನು ಕರ್ಮಫಲವೆಂದು ಪಿಸುಗುಟ್ಟುವುದು ಉಚಿತವಲ್ಲ. ನೆರವು ಪಡೆದವರ ಹೆಸರು, ಭಾವಚಿತ್ರಗಳು ಹೊರಗೆ ಬರುವುದಿಲ್ಲವೆಂಬ ಭರವಸೆಯಿದ್ದರೆ ಜನ ಬೇಗ ಬಾಯಿಬಿಟ್ಟು ಹೇಳುತ್ತಾರೆ.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಊರೂರಿನ ಭಕ್ತರು ಕೂಡುತ್ತಾರೆ. ಅಲ್ಲಿ ಕಾಗದಪತ್ರಗಳ ವಿಷಯ ಬಲ್ಲ ಇಬ್ಬರು ತರುಣರು ಒಂದು ಮೇಜು ಹಾಕಿ ಕುಳಿತರೂ ಸಾಕು. ರೇಷನ್ ಕಾರ್ಡಿನಲ್ಲಿ ಮನೆಯ ಎಲ್ಲರ ಹೆಸರಿದೆಯೇ, ಆಧಾರ್‌ನಲ್ಲಿರುವ ಹೆಸರು ಅದಕ್ಕೆ ಹೊಂದುತ್ತದೆಯೇ ಎಂದು ಆರೋಗ್ಯವಿರುವಾಗಲೇ ನೋಡಿಸಿಕೊಳ್ಳಬಹುದು. ಸಹಕಾರ ಸಂಘದ ಸದಸ್ಯರಾದವರು ಯಶಸ್ವಿನಿಯ ನೋಂದಣಿ ಎಂದು ಆರಂಭವಾಗುವುದೆಂಬುದನ್ನು ತಮ್ಮ ಸಂಘದ ಕಾರ್ಯದರ್ಶಿಗಳಲ್ಲಿ ಮುಂಚಿತವಾಗಿಯೇ ವಿಚಾರಿಸತಕ್ಕದ್ದು. ನೋಂದಣಿ ನಡೆಯುವುದು ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ.