ತಂದೂರಿ ಕೋಳಿ (ಮನೆಯ ಇದ್ದಿಲು ಒಲೆಯ ವಿಧಾನ)

ತಂದೂರಿ ಕೋಳಿ ಎಂಬುದು ಮೊಸರು ಮತ್ತು ಮಸಾಲೆಯಲ್ಲಿ ನೆನೆಸಿದ ಕೋಳಿಮಾಂಸವನ್ನು ತಂದೂರ್ ಎಂಬ ಮಣ್ಣಿನ ಒಲೆಯ ತೀವ್ರ ಶಾಖದಲ್ಲಿ ಸುಟ್ಟು ಸಿದ್ಧಪಡಿಸುವ ಖಾದ್ಯ. ಪಂಜಾಬ್ ಹಾಗೂ ವಾಯವ್ಯ ಪ್ರಾಂತ್ಯಗಳ ಅಡುಗೆಯಿಂದ ಹೊರಟ ಈ ಖಾದ್ಯವು ಇಂದು ಭಾರತದಾದ್ಯಂತ ಹೋಟೆಲುಗಳಲ್ಲಿ ದೊರೆಯುತ್ತದೆ. ಮನೆಯಲ್ಲಿ ತಂದೂರ್ ಕಟ್ಟಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಮುಚ್ಚಳವುಳ್ಳ ಸಿರಾಮಿಕ್ ಇದ್ದಿಲು ಒಲೆಯು ತಂದೂರಿನ ಗುಣವನ್ನು ಬಹುಮಟ್ಟಿಗೆ ಒದಗಿಸುತ್ತದೆ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಂತಹ ಕರಾವಳಿ ಪ್ರದೇಶದಲ್ಲಿ ತೆಂಗಿನ ಗೆರಟೆಯ ಇದ್ದಿಲು, ಬ್ಯಾಡಗಿ ಮೆಣಸು, ತುಪ್ಪ ಮೊದಲಾದ ಸಾಮಗ್ರಿಗಳಿಂದ ಇದನ್ನು ಕೃತಕ ಬಣ್ಣದ ಹಂಗಿಲ್ಲದೆ ತಯಾರಿಸಬಹುದು. ಈ ಖಾದ್ಯದ ಗುಣಮಟ್ಟವು ಮಸಾಲೆಯಷ್ಟೇ ಶಾಖದ ಹತೋಟಿಯನ್ನೂ ಅವಲಂಬಿಸಿದೆ.

ಹಿನ್ನೆಲೆ

ತಂದೂರ್ ಬಹು ಪ್ರಾಚೀನವಾದ ಒಲೆ. ರಾಜಸ್ಥಾನದ ಕಾಲಿಬಂಗನ್ ಸೇರಿದಂತೆ ಹರಪ್ಪ ನಾಗರಿಕತೆಯ ನೆಲೆಗಳಲ್ಲಿ ತಂದೂರನ್ನು ಹೋಲುವ ಮಣ್ಣಿನ ಒಲೆಗಳು ಉತ್ಖನನದಲ್ಲಿ ದೊರೆತಿವೆ. ಹೋಟೆಲಿನ ಖಾದ್ಯವಾಗಿ ತಂದೂರಿ ಕೋಳಿ ಪ್ರಸಿದ್ಧಿಗೆ ಬಂದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ದೇಶ ವಿಭಜನೆಯ ಸಂದರ್ಭದಲ್ಲಿ ಪೇಶಾವರದಿಂದ ದೆಹಲಿಗೆ ಬಂದ ಕುಂದನ್ ಲಾಲ್ ಗುಜ್ರಾಲ್ ಮತ್ತು ಕುಂದನ್ ಲಾಲ್ ಜಗ್ಗಿ ಮೊದಲಾದವರು 1947ರಲ್ಲಿ ದರಿಯಾಗಂಜ್‌ನಲ್ಲಿ ಆರಂಭಿಸಿದ ಮೋತಿ ಮಹಲ್ ಹೋಟೆಲು ಇದನ್ನು ಜನಪ್ರಿಯಗೊಳಿಸಿತು.

ಸಿರಾಮಿಕ್ ಇದ್ದಿಲು ಒಲೆಯ ಮೂಲ ಜಪಾನಿನಲ್ಲಿದೆ. ಅಲ್ಲಿ ಒಲೆಗೆ ‘ಕಮಾಡೊ’ ಎಂದು ಹೆಸರು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಮುಚ್ಚಳವುಳ್ಳ ಈ ಮಣ್ಣಿನ ಒಲೆಗಳನ್ನು ತಮ್ಮ ದೇಶಕ್ಕೆ ಕೊಂಡೊಯ್ದರು. 1974ರಲ್ಲಿ ಅಟ್ಲಾಂಟಾ ನಗರದಲ್ಲಿ ಆರಂಭವಾದ ಬಿಗ್ ಗ್ರೀನ್ ಎಗ್ ಸಂಸ್ಥೆಯಿಂದ ಮೊಟ್ಟೆಯಾಕಾರದ ಈ ಒಲೆ ಹೆಚ್ಚು ಪ್ರಚಾರಕ್ಕೆ ಬಂದಿತು. ಮೊದಲಿನ ಮಣ್ಣಿನ ಒಲೆಗಳು ಬೇಗನೆ ಬಿರುಕು ಬಿಡುತ್ತಿದ್ದುದರಿಂದ ಕ್ರಮೇಣ ಅಧಿಕ ಶಾಖವನ್ನು ತಾಳಬಲ್ಲ ಸಿರಾಮಿಕ್ ಬಳಕೆಗೆ ಬಂದಿತು.

ಒಲೆಯ ರಚನೆ ಮತ್ತು ಕಾರ್ಯವಿಧಾನ

ತಂದೂರ್ ಮೇಲ್ಭಾಗದಲ್ಲಿ ತೆರೆದ ಹೂಜಿಯಂತಿದ್ದು, ಅದರ ತಳದಲ್ಲಿ ಕೆಂಡವಿರುತ್ತದೆ. ಮಾಂಸವನ್ನು ಉದ್ದನೆಯ ಸರಳಿಗೆ ಚುಚ್ಚಿ ಒಳಗೆ ನಿಲ್ಲಿಸಲಾಗುತ್ತದೆ. ಒಲೆಯೊಳಗಿನ ಉಷ್ಣತೆ 480 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬಲ್ಲದು. ಕೆಂಡದ ನೇರ ಶಾಖ, ಕಾದ ಗೋಡೆ ಹೊರಸೂಸುವ ಶಾಖ ಮತ್ತು ಒಳಗೆ ಸುತ್ತುವ ಬಿಸಿಗಾಳಿ ಈ ಮೂರೂ ಕೂಡಿ ಮಾಂಸವನ್ನು ಎಲ್ಲ ಕಡೆಯಿಂದ ಬೇಯಿಸುತ್ತವೆ. ಮಾಂಸದಿಂದ ತೊಟ್ಟಿಕ್ಕುವ ರಸ ಮತ್ತು ಕೊಬ್ಬು ಕೆಂಡದ ಮೇಲೆ ಬಿದ್ದು ಏಳುವ ಹೊಗೆಯಿಂದ ತಂದೂರಿಗೆ ವಿಶಿಷ್ಟವಾದ ಪರಿಮಳ ಬರುತ್ತದೆ.

ಸಿರಾಮಿಕ್ ಒಲೆಯಲ್ಲಿಯೂ ಇದೇ ಮೂರು ಬಗೆಯ ಶಾಖವಿದೆ. ಇದರ ದಪ್ಪ ಗೋಡೆ ಒಮ್ಮೆ ಕಾದರೆ ಬಹಳ ಹೊತ್ತು ಶಾಖವನ್ನು ಹಿಡಿದಿಡುತ್ತದೆ. ತಳದಲ್ಲೊಂದು ಮತ್ತು ಮುಚ್ಚಳದ ತುದಿಯಲ್ಲೊಂದು ಗಾಳಿಕಿಂಡಿ ಇರುತ್ತದೆ. ಕೆಳಗಿನ ಕಿಂಡಿಯಿಂದ ಗಾಳಿ ಒಳಬರುತ್ತದೆ, ಮೇಲಿನ ಕಿಂಡಿಯಿಂದ ಹೊಗೆ ಹೊರಹೋಗುತ್ತದೆ. ಕಿಂಡಿಗಳನ್ನು ಅಗಲಗೊಳಿಸಿದರೆ ಕೆಂಡ ಪ್ರಜ್ವಲಿಸುತ್ತದೆ, ಕಿರಿದುಗೊಳಿಸಿದರೆ ಶಾಂತವಾಗುತ್ತದೆ. ಆದುದರಿಂದ ಈ ಒಲೆಯಲ್ಲಿ ಶಾಖವನ್ನು ನಿಯಂತ್ರಿಸುವುದೆಂದರೆ ಗಾಳಿಯನ್ನು ನಿಯಂತ್ರಿಸುವುದೇ ಆಗಿದೆ. ಒಳಗೆ ಬರುವ ಗಾಳಿ ಕಡಿಮೆಯಾದ್ದರಿಂದ ಮಾಂಸದ ತೇವವೂ ತೆರೆದ ಒಲೆಯಲ್ಲಿ ಆರಿಹೋಗುವಷ್ಟು ಬೇಗ ಆರುವುದಿಲ್ಲ.

ಸುಟ್ಟ ಮಣ್ಣಿನ ಬಳಕೆ ಕರಾವಳಿಗೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಹೆಂಚಿನ ಮಾಡು ಈ ಭಾಗದ ಮನೆಗಳ ಗುರುತಾಯಿತು. ಆದರೆ ಹೆಂಚು, ಹೂಕುಂಡ ಮೊದಲಾದವುಗಳನ್ನು ಕೆಂಡದ ನೇರ ಶಾಖಕ್ಕಾಗಿ ತಯಾರಿಸಿರುವುದಿಲ್ಲ. ಹಠಾತ್ತನೆ ಕಾಯಿಸಿದರೆ ಅವು ಸಿಡಿಯುವ ಸಂಭವವಿರುವುದರಿಂದ ಸಿರಾಮಿಕ್ ಒಲೆಗೆ ಬದಲಾಗಿ ಅವುಗಳನ್ನು ಬಳಸುವುದು ಕ್ಷೇಮಕರವಲ್ಲ.

ಇದ್ದಿಲು

ಮರದ ಇದ್ದಿಲು ಅಥವಾ ತೆಂಗಿನ ಗೆರಟೆಯ ಇದ್ದಿಲನ್ನು ಬಳಸಬಹುದು. ಗೆರಟೆಯ ಇದ್ದಿಲು ಗಟ್ಟಿಯಾಗಿದ್ದು ಹೆಚ್ಚು ಶಾಖವನ್ನು ಕೊಡುತ್ತದೆ, ಹೊಗೆಯೂ ಕಡಿಮೆ. ಆದರೆ ಅದರ ಚೂರುಗಳು ಚಿಕ್ಕವಾಗಿದ್ದರೆ ಒತ್ತೊತ್ತಾಗಿ ಕುಳಿತು ಗಾಳಿಗೆ ಎಡೆಗೊಡುವುದಿಲ್ಲ. ಹೀಗಾಗಿ ತಳದಲ್ಲಿ ಮರದ ಇದ್ದಿಲಿನ ದೊಡ್ಡ ತುಂಡುಗಳನ್ನು ಹರಡಿ, ಮೇಲೆ ಗೆರಟೆಯ ಇದ್ದಿಲನ್ನು ಹಾಕುವುದು ಒಳ್ಳೆಯದು. ಇದ್ದಿಲಾಗದ ಹಸಿ ಗೆರಟೆಯನ್ನು ನೇರವಾಗಿ ಉರಿಸಿದರೆ ಎದ್ದ ಜ್ವಾಲೆಯ ಮಸಿ ಮಾಂಸಕ್ಕೆ ಹಿಡಿಯುತ್ತದೆ.

ಬೆಂಕಿ ಹೊತ್ತಿಸಲು ಒಣಗಿದ ತೆಂಗಿನ ನಾರು ಸಾಕು. ಸೀಮೆಎಣ್ಣೆಯನ್ನು ಬಳಸಿದರೆ ಅದರ ವಾಸನೆ ಒಲೆಯ ಗೋಡೆಯಲ್ಲಿ ನಿಂತು ಅಡುಗೆಗೆ ಹತ್ತುತ್ತದೆ. ಆರಂಭದ ದಟ್ಟ ಬಿಳಿಹೊಗೆ ಅಡಗಿ, ಕೆಂಡದ ಮೇಲೆ ತೆಳುವಾದ ಬೂದಿ ಮೂಡಿದ ಮೇಲೆಯೇ ಮಾಂಸವನ್ನಿಡಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇದ್ದಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು, ಬಳಸುವ ಮುನ್ನ ಬಿಸಿಲು ಕಂಡಾಗ ಒಣಗಿಸಿಕೊಳ್ಳಬೇಕು.

ಕೋಳಿಯ ಆಯ್ಕೆ

ಸುಮಾರು 1 ಕಿಲೋಗ್ರಾಂ ತೂಕದ, ಚರ್ಮ ತೆಗೆದ ಬ್ರಾಯ್ಲರ್ ಕೋಳಿ ಈ ವಿಧಾನಕ್ಕೆ ಸೂಕ್ತ. ಚರ್ಮವಿದ್ದರೆ ಮಸಾಲೆ ಒಳಗೆ ಹಿಡಿಯುವುದಿಲ್ಲ. ಊರುಕೋಳಿಯ ಮಾಂಸ ರುಚಿಕರವಾದರೂ ಗಟ್ಟಿ. ಒಣಶಾಖದಲ್ಲಿ ಅದು ಮತ್ತಷ್ಟು ಬಿರುಸಾಗುತ್ತದೆ. ನಿಧಾನವಾಗಿ ಕುದಿಸುವ ಕೋಳಿಸಾರಿಗೆ ಊರುಕೋಳಿ ಹೇಗೆ ಹೊಂದುತ್ತದೆಯೋ ಕೆಂಡದ ಶಾಖಕ್ಕೆ ಎಳೆಯ ಕೋಳಿ ಹಾಗೆ ಹೊಂದುತ್ತದೆ. ಕಾಲು, ತೊಡೆ ಮತ್ತು ಎದೆಯ ಭಾಗಗಳನ್ನು ಬಿಡಿಸಿಕೊಂಡು, ದಪ್ಪವಿರುವಲ್ಲಿ ಮೂಳೆಯವರೆಗೆ ಎರಡು ಮೂರು ಗೀರು ಹಾಕಬೇಕು.

ಮಸಾಲೆ

ಮಸಾಲೆಯನ್ನು ಎರಡು ಹಂತಗಳಲ್ಲಿ ಹಚ್ಚುವುದು ರೂಢಿ. 1 ಕಿಲೋಗ್ರಾಂ ಮಾಂಸಕ್ಕೆ ಬೇಕಾಗುವ ಪ್ರಮಾಣ ಹೀಗಿದೆ:

ಮೊದಲ ಹಂತ: ಉಪ್ಪು ಒಂದೂವರೆ ಟೀಚಮಚ, ನಿಂಬೆರಸ 2 ದೊಡ್ಡ ಚಮಚ, ಅರಿಶಿನ ಅರ್ಧ ಟೀಚಮಚ. ಇವನ್ನು ಗೀರುಗಳ ಒಳಗೂ ತಿಕ್ಕಿ ಅರ್ಧ ಗಂಟೆ ಬಿಡಬೇಕು.

ಎರಡನೆಯ ಹಂತ: ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು 200 ಗ್ರಾಂ, ಬ್ಯಾಡಗಿ ಮೆಣಸು 12ರಿಂದ 15, ಅರೆದ ಶುಂಠಿ ಮತ್ತು ಬೆಳ್ಳುಳ್ಳಿ 2 ದೊಡ್ಡ ಚಮಚ, ಕೊತ್ತಂಬರಿ ಪುಡಿ ಮತ್ತು ಹುರಿದ ಜೀರಿಗೆಯ ಪುಡಿ ತಲಾ 1 ಟೀಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀಚಮಚ, ಗರಂ ಮಸಾಲೆ 1 ಟೀಚಮಚ, ಕಸೂರಿ ಮೇಥಿ 1 ಟೀಚಮಚ, ಎಣ್ಣೆ ಅಥವಾ ಕರಗಿಸಿದ ತುಪ್ಪ 2 ದೊಡ್ಡ ಚಮಚ.

ಉಪ್ಪು ಮಾಂಸದ ಎಳೆಗಳೊಳಗೆ ಇಳಿದು, ಬೇಯುವಾಗ ನೀರು ಸೋರಿಹೋಗದಂತೆ ಮಾಡುತ್ತದೆ. ಮೊಸರಿನ ಹುಳಿ ಮಾಂಸದ ಮೇಲ್ಪದರವನ್ನು ನಿಧಾನವಾಗಿ ಮೃದುಗೊಳಿಸುತ್ತದೆ. ಮೊಸರಿನ ನೀರನ್ನು ಬಸಿಯದಿದ್ದರೆ ಮಸಾಲೆ ಜಾರಿ ಕೆಂಡಕ್ಕೆ ಬೀಳುತ್ತದೆ ಮತ್ತು ಮಾಂಸ ಸುಡುವ ಬದಲು ಹಬೆಯಲ್ಲಿ ಬೇಯುತ್ತದೆ. ಮಸಾಲೆ ಹಚ್ಚಿದ ಮಾಂಸವನ್ನು ಫ್ರಿಜ್‌ನಲ್ಲಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ 6ರಿಂದ 12 ಗಂಟೆ ಇಡಬೇಕು. ಕರಾವಳಿಯ ಸೆಖೆಯಲ್ಲಿ ಅದನ್ನು ಹೊರಗೆ ಬಿಡುವುದು ಅಪಾಯಕರ.

ಬಣ್ಣ

ತಂದೂರಿ ಕೋಳಿಗೆ ಕಡುಗೆಂಪು ಬಣ್ಣವಿರಬೇಕೆಂಬ ಭಾವನೆ ವ್ಯಾಪಕವಾಗಿದೆ. ಇದಕ್ಕಾಗಿ ಕೃತಕ ಬಣ್ಣ ಬೆರೆಸುವುದು ಹಲವೆಡೆ ರೂಢಿಯಲ್ಲಿತ್ತು. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯು ರಾಜ್ಯದ ವಿವಿಧೆಡೆ ಸಂಗ್ರಹಿಸಿದ ಕಬಾಬ್‌ನ 39 ಮಾದರಿಗಳನ್ನು ಪರೀಕ್ಷಿಸಿದಾಗ 8 ಮಾದರಿಗಳು ಕೃತಕ ಬಣ್ಣದ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದವು. ಅವುಗಳಲ್ಲಿ ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೊಯಿಸಿನ್ ಎಂಬ ಬಣ್ಣಗಳಿದ್ದವು. ತರುವಾಯ 2024ರ ಜೂನ್‌ನಲ್ಲಿ ಸಸ್ಯಾಹಾರಿ, ಕೋಳಿ ಮತ್ತು ಮೀನಿನ ಕಬಾಬ್‌ಗಳ ತಯಾರಿಕೆಯಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. ಉಲ್ಲಂಘಿಸಿದವರಿಗೆ 7 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದಿಂದ ಜೀವಾವಧಿಯವರೆಗೆ ಶಿಕ್ಷೆ ಹಾಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಈ ನಿಷೇಧ ಮಾರಾಟಗಾರರಿಗೆ ಸಂಬಂಧಿಸಿದ್ದಾದರೂ, ಅಂಗಡಿಯಿಂದ ಬಣ್ಣದ ಪುಡಿಯನ್ನು ತಂದು ಮನೆಯ ಅಡುಗೆಗೆ ಬೆರೆಸುವವರೂ ಗಮನಿಸಬೇಕಾದ ವಿಷಯವಿದು.

ಬ್ಯಾಡಗಿ ಮೆಣಸನ್ನು ಬಳಸಿದರೆ ಕೃತಕ ಬಣ್ಣ ಬೇಕಾಗುವುದಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರನ್ನು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಮೆಣಸು ಖಾರದಲ್ಲಿ ಸೌಮ್ಯ, ಬಣ್ಣದಲ್ಲಿ ಗಾಢ. ಮೆಣಸಿನ ಕೆಂಪು ಬಣ್ಣವು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತದೆ. ಆದುದರಿಂದ ಬೀಜ ತೆಗೆದ ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು, ಆ ಮಸಾಲೆಯನ್ನು ಉಗುರು ಬೆಚ್ಚಗಿನ ಎಣ್ಣೆ ಅಥವಾ ತುಪ್ಪದಲ್ಲಿ ಮೊದಲು ಕಲಸಿ, ಅನಂತರ ಮೊಸರಿಗೆ ಸೇರಿಸಬೇಕು. ಹೀಗೆ ಬರುವ ಬಣ್ಣ ಹೋಟೆಲಿನಷ್ಟು ಹೊಳೆಯದೆ, ಇಟ್ಟಿಗೆಯ ಕೆಂಪನ್ನು ಹೋಲುತ್ತದೆ.

ಬೇಯಿಸುವ ಕ್ರಮ

1. ಒಲೆಯ ಉಷ್ಣತೆಯನ್ನು ನಿಧಾನವಾಗಿ 230ರಿಂದ 250 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. ಗೋಡೆಯೂ ಕಾಯಬೇಕಾದ್ದರಿಂದ ಇದಕ್ಕೆ ಅರ್ಧ ಗಂಟೆಗೂ ಹೆಚ್ಚು ಸಮಯ ಹಿಡಿಯಬಹುದು. ತಂದೂರಿನಷ್ಟು ತೀವ್ರ ಶಾಖ ಬೇಕಿಲ್ಲ. ಜಾಲರಿಯ ಮೇಲೆ ಮಲಗಿಸಿದ ಮಾಂಸ ಅಂತಹ ಶಾಖದಲ್ಲಿ ಹೊರಗೆ ಕರಿದಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ.

2. ಕೆಂಡವನ್ನು ಒಂದು ಬದಿಗೆ ಒತ್ತರಿಸಿ, ಇನ್ನೊಂದು ಬದಿಯನ್ನು ಖಾಲಿ ಬಿಡಬೇಕು. ಮಾಂಸಕ್ಕೆ ಅಂಟಿದ ಹೆಚ್ಚಿನ ಮಸಾಲೆಯನ್ನು ಸವರಿ ತೆಗೆದು, ತುಂಡುಗಳನ್ನು ಮೊದಲು ಕೆಂಡವಿಲ್ಲದ ಬದಿಯಲ್ಲಿಟ್ಟು ಮುಚ್ಚಳ ಮುಚ್ಚಬೇಕು.

3. ಸುಮಾರು 15 ನಿಮಿಷಗಳ ನಂತರ ತುಂಡುಗಳನ್ನು ಇಕ್ಕಳದಿಂದ ತಿರುವಿ, ತುಪ್ಪ ಸವರಿ ಮತ್ತೆ ಮುಚ್ಚಬೇಕು. ಎದೆಯ ಭಾಗ ತೊಡೆಗಿಂತ ಬೇಗ ಬೇಯುವುದರಿಂದ ಅದನ್ನು ಕೆಂಡದಿಂದ ಹೆಚ್ಚು ದೂರದಲ್ಲಿಡಬೇಕು.

4. ಕೊನೆಯ ಕೆಲವು ನಿಮಿಷ ತುಂಡುಗಳನ್ನು ಕೆಂಡದ ನೇರ ಮೇಲಕ್ಕೆ ಸರಿಸಿ, ಅಂಚುಗಳಲ್ಲಿ ಕಂದು ಕಲೆಗಳು ಮೂಡುವವರೆಗೆ ಸುಡಬೇಕು. ಒಟ್ಟು 30ರಿಂದ 40 ನಿಮಿಷ ಬೇಕಾಗುತ್ತದೆ.

5. ಮಾಂಸದ ಅತ್ಯಂತ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಉಷ್ಣಮಾಪಕವನ್ನು ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಮಸಾಲೆಯೇ ಕೆಂಪಾಗಿರುವುದರಿಂದ ಹೊರಗಿನ ಬಣ್ಣವನ್ನು ನೋಡಿ ಬೆಂದಿದೆಯೆಂದು ನಿರ್ಧರಿಸಲಾಗದು.

6. ಒಲೆಯಿಂದ ತೆಗೆದ ಮೇಲೆ 5ರಿಂದ 10 ನಿಮಿಷ ಬಿಟ್ಟು, ನಿಂಬೆರಸ ಹಿಂಡಿ, ಈರುಳ್ಳಿಯ ಬಿಲ್ಲೆಗಳೊಂದಿಗೆ ಬಡಿಸಲಾಗುತ್ತದೆ.

ಕುಂದಾಪುರದ ಘೀ ರೋಸ್ಟ್‌ನೊಂದಿಗೆ ಹೋಲಿಕೆ

ಕುಂದಾಪುರ ಪಟ್ಟಣವು ಚಿಕನ್ ಘೀ ರೋಸ್ಟ್‌ನ ತವರೆಂದು ಹೆಸರಾಗಿದೆ. ಅಲ್ಲಿನ ಶೆಟ್ಟಿ ಲಂಚ್ ಹೋಮ್ ಈ ಖಾದ್ಯದ ಮೂಲವೆಂದು ಪ್ರಸಿದ್ಧವಾಗಿದೆ. ಹೆಸರಿನಲ್ಲಿ ‘ರೋಸ್ಟ್’ ಎಂದಿದ್ದರೂ ಅದನ್ನು ಕೆಂಡದ ಮೇಲೆ ಸುಡುವುದಿಲ್ಲ. ಹುರಿದು ಅರೆದ ಮಸಾಲೆಯನ್ನು ಬಾಣಲೆಯಲ್ಲಿ ಯಥೇಚ್ಛ ತುಪ್ಪದೊಂದಿಗೆ ಬಾಡಿಸಿ, ಮಾಂಸಕ್ಕೆ ಹತ್ತಿಕೊಳ್ಳುವವರೆಗೆ ಹುರಿಯಲಾಗುತ್ತದೆ. ನೀರುದೋಸೆ ಅದರ ಸಾಮಾನ್ಯ ಜೊತೆಗಾರ.

ಎರಡು ಖಾದ್ಯಗಳಲ್ಲಿಯೂ ಮಾಂಸವನ್ನು ಮೊಸರಿನಲ್ಲಿ ನೆನೆಸುವುದುಂಟು. ಆದರೆ ಘೀ ರೋಸ್ಟ್‌ನ ಮಸಾಲೆಗೆ ಹುಣಿಸೆಹುಳಿ ಮತ್ತು ಸ್ವಲ್ಪ ಬೆಲ್ಲ ಸೇರುತ್ತದೆ. ಘೀ ರೋಸ್ಟ್‌ನ ಮಸಾಲೆಯನ್ನೇ ಹಚ್ಚಿ ಕೆಂಡದ ಮೇಲೆ ಸುಡುವುದಾದರೆ ಬೆಲ್ಲವನ್ನು ಬಿಡಬೇಕು, ಇಲ್ಲವೇ ಕೊನೆಯ ಎರಡು ಮೂರು ನಿಮಿಷಗಳಲ್ಲಿ ಮಾತ್ರ ಸವರಬೇಕು. ಬೆಲ್ಲ ಕೆಂಡದ ಶಾಖಕ್ಕೆ ಬೇಗನೆ ಸೀದು ಕಹಿಯಾಗುತ್ತದೆ.

ಸುರಕ್ಷತೆ

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮಳೆ ಬಂತೆಂದು ಒಲೆಯನ್ನು ಮನೆಯೊಳಗೆ, ಬಾಗಿಲು ಮುಚ್ಚಿದ ಕೊಟ್ಟಿಗೆಗೆ ಅಥವಾ ಕಾರು ನಿಲ್ಲಿಸುವ ಮುಚ್ಚಿದ ಕೋಣೆಗೆ ಒಯ್ಯುವುದು ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು. ಕೆಂಡ ಆರಿದಂತೆ ಕಂಡರೂ ಅನಿಲ ಹೊರಬರುತ್ತಲೇ ಇರುತ್ತದೆ. ಒಲೆಯನ್ನು ಯಾವಾಗಲೂ ಬಯಲಿನಲ್ಲಿ, ಒಣಹುಲ್ಲು ಮತ್ತು ತೆಂಗಿನ ಗರಿಯ ಚಪ್ಪರದಿಂದ ದೂರದಲ್ಲಿಡಬೇಕು. ಮಳೆ ಬರುವ ಸೂಚನೆಯಿದ್ದರೆ ಅಡುಗೆಯನ್ನು ಮುಂದೂಡುವುದೇ ಲೇಸು.

ಮುಚ್ಚಿದ ಒಲೆಯನ್ನು ಹಠಾತ್ತನೆ ತೆರೆದರೆ ಗಾಳಿ ಒಮ್ಮೆಲೇ ನುಗ್ಗಿ ಜ್ವಾಲೆ ಮೇಲಕ್ಕೆ ಚಿಮ್ಮುತ್ತದೆ. ಆದುದರಿಂದ ಮುಚ್ಚಳವನ್ನು ಮೊದಲು ಎರಡು ಬೆರಳಿನಷ್ಟು ಎತ್ತಿ, ಕೆಲವು ಕ್ಷಣ ತಡೆದು, ಅನಂತರ ಪೂರ್ತಿಯಾಗಿ ತೆರೆಯಬೇಕು. ಹಸಿಮಾಂಸ ನೆನೆದ ಮಸಾಲೆಯನ್ನು ಬೆಂದ ಮಾಂಸಕ್ಕೆ ಸವರಬಾರದು. ಹಸಿಮಾಂಸವನ್ನಿಟ್ಟ ತಟ್ಟೆಯಲ್ಲಿ ಬೆಂದುದನ್ನು ಬಡಿಸಬಾರದು. ಸಾಲ್ಮೊನೆಲ್ಲಾ ಮೊದಲಾದ ಬ್ಯಾಕ್ಟೀರಿಯಾಗಳು ಹೀಗೆ ಹರಡುತ್ತವೆ. ಅತಿಯಾಗಿ ಕರಿದಾದ ಭಾಗಗಳನ್ನು ಕತ್ತರಿಸಿ ತೆಗೆಯುವುದು ಆರೋಗ್ಯಕ್ಕೆ ಹಿತ.

ನಿರ್ವಹಣೆ

ಅಡುಗೆ ಮುಗಿದ ಬಳಿಕ ಎರಡೂ ಗಾಳಿಕಿಂಡಿಗಳನ್ನು ಮುಚ್ಚಿದರೆ ಕೆಂಡ ತಾನಾಗಿ ಆರುತ್ತದೆ. ಉಳಿದ ಇದ್ದಿಲನ್ನು ಮುಂದಿನ ಸಲ ಬಳಸಬಹುದು. ಕಾದ ಒಲೆಗೆ ನೀರು ಸುರಿದರೆ ಸಿರಾಮಿಕ್ ಗೋಡೆ ಬಿರುಕು ಬಿಡುತ್ತದೆ. ತಣ್ಣಗಾದ ಮೇಲೆ ಬೂದಿಯನ್ನು ತೆಗೆದು ಒಲೆಯನ್ನು ಮಳೆಗೆ ನೆನೆಯದಂತೆ ಮುಚ್ಚಿಡಬೇಕು. ಮಳೆಗಾಲ ಕಳೆದು ಮೊದಲ ಬಾರಿಗೆ ಬಳಸುವಾಗ, ಒಳಗೆ ಸೇರಿರುವ ತೇವ ಆರುವಂತೆ ಸ್ವಲ್ಪವೇ ಇದ್ದಿಲಿನಿಂದ ಮಂದವಾಗಿ ಕಾಯಿಸಿ, ಅನಂತರ ಪೂರ್ಣ ಶಾಖಕ್ಕೆ ಏರಿಸಬೇಕು.